ಮಂಡಿ ಬದಲಾವಣೆ: ಕಿರುಗಾಯದ ಶಸ್ತ್ರಕ್ರಿಯೆಯ ವಿಧಾನಗಳು

ಸವೆದುಹೋದ ಮಂಡಿಕೀಲಿನ ಮೇಲ್ಮೈಗಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಕೂಡಿಸುವುದೇ ಮಂಡಿ ಬದಲಾವಣೆ. ಅದೇ ಕೆಲಸವನ್ನು ಚಿಕ್ಕ ಗಾಯದ ಮೂಲಕ, ಸುತ್ತಲಿನ ಸ್ನಾಯುಗಳಿಗೆ ಆದಷ್ಟು ಕಡಿಮೆ ಪೆಟ್ಟಾಗುವಂತೆ ಮಾಡುವ ಹಲವು ಪದ್ಧತಿಗಳು 1990ರ ದಶಕದಿಂದೀಚೆಗೆ ಬೆಳೆದುಬಂದಿವೆ. ಅವುಗಳಿಗೆ ಒಟ್ಟಾಗಿ ಕಿರುಗಾಯದ ಮಂಡಿ ಬದಲಾವಣೆ ಎನ್ನಬಹುದು. ಹಳೆಯ ಪದ್ಧತಿಯಲ್ಲಿ ಮಂಡಿಯ ಮುಂಭಾಗದಲ್ಲಿ ಎಂಟರಿಂದ ಹತ್ತು ಇಂಚು ಉದ್ದದ ಗಾಯವಾಗುತ್ತಿತ್ತು, ಹೊಸ ಪದ್ಧತಿಗಳಲ್ಲಿ ಅದು ನಾಲ್ಕರಿಂದ ಆರು ಇಂಚಿಗೆ ಇಳಿದಿದೆ. ರೋಗಿಯ ಕಣ್ಣಿಗೆ ಬೀಳುವುದು ಈ ಇಂಚುಗಳ ಲೆಕ್ಕ. ಜಾಹೀರಾತುಗಳು ಹೇಳುವುದೂ ಅದನ್ನೇ. ಆದರೆ ಚರ್ಮ ಹೇಗೂ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಈ ಪದ್ಧತಿಗಳ ನಿಜವಾದ ಗುರಿ ಚರ್ಮದ ಕೆಳಗಿರುವ ತೊಡೆಯ ಸ್ನಾಯು.

ಮಂಡಿಯಲ್ಲಿ ಸೇರುವುದು ಮೂರು ಮೂಳೆಗಳು: ಮೇಲಿನಿಂದ ತೊಡೆಮೂಳೆ, ಕೆಳಗಿನಿಂದ ಕಣಕಾಲಿನ ಮೂಳೆ, ಮುಂದುಗಡೆ ಮಂಡಿಚಿಪ್ಪು. ತೊಡೆಯ ಮುಂಭಾಗದಲ್ಲಿ ನಾಲ್ಕು ಕವಲಿನ ದೊಡ್ಡ ಸ್ನಾಯುಕಟ್ಟು ಇದೆ. ವೈದ್ಯರು ಅದನ್ನು ಕ್ವಾಡ್ರಿಸೆಪ್ಸ್ ಎನ್ನುತ್ತಾರೆ. ನಾಲ್ಕೂ ಕವಲು ಒಂದು ಗಟ್ಟಿ ಸ್ನಾಯುರಜ್ಜುವಾಗಿ ಕೂಡಿ, ಮಂಡಿಚಿಪ್ಪನ್ನು ಹಿಡಿದುಕೊಂಡು, ಕಣಕಾಲಿನ ಮೂಳೆಗೆ ಬೆಸೆದುಕೊಂಡಿವೆ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಬಸ್ಸಿನ ಫುಟ್‌ಬೋರ್ಡಿಗೆ ಕಾಲಿಡುವಾಗ ಮೈಭಾರವನ್ನು ಎತ್ತುವುದು ಈ ಸ್ನಾಯುವೇ. ಕೃತಕ ಕೀಲು ಎಷ್ಟೇ ನಯವಾಗಿರಲಿ, ಅದನ್ನು ಎಳೆಯುವ ಈ ಹಗ್ಗ ಸೋತರೆ ಕಾಲು ಏಳುವುದಿಲ್ಲ.

ಕೃತಕ ಮಂಡಿಯ ಕನಸು ಹಳೆಯದು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲೆಸ್ ಗ್ಲುಕ್ ಆನೆದಂತದಿಂದ ಕಡೆದ ಬಾಗಿಲ ತಿರುಗಣಿಯಂಥ ಕೀಲನ್ನು ರೋಗಿಗಳ ಮಂಡಿಗೆ ಕೂಡಿಸಿದರು. ಅವರ ರೋಗಿಗಳ ಮಂಡಿಗಳು ಕ್ಷಯದಿಂದ ಹಾಳಾಗಿದ್ದವು. ಕೀವು ಮರಳಿ ಕಾಣಿಸಿಕೊಂಡು ಪ್ರಯತ್ನ ಸೋತಿತು. ಮುಂದೆ 1950ರ ದಶಕದಲ್ಲಿ ಸ್ವೀಡನ್ನಿನ ಬೋರ್ಯೆ ವಾಲ್ಡಿಯಸ್ ಮತ್ತೆ ತಿರುಗಣಿ ಕೀಲುಗಳನ್ನು ಬಳಕೆಗೆ ತಂದರು. ಆದರೆ ಮಂಡಿ ಬಾಗಿಲಿನಂತೆ ಒಂದೇ ಅಚ್ಚಿನ ಮೇಲೆ ತಿರುಗುವುದಿಲ್ಲ. ಮಡಿಯುತ್ತಾ ಹೋದಂತೆ ಅದು ಉರುಳುತ್ತದೆ, ಜಾರುತ್ತದೆ, ಕೊಂಚ ತಿರುಚಿಕೊಳ್ಳುತ್ತದೆ. ಈ ಚಲನೆಯನ್ನು ಗಮನಿಸಿ ಕೀಲನ್ನು ರೂಪಿಸಿದವರು ಕೆನಡಾದ ಫ್ರಾಂಕ್ ಗನ್‌ಸ್ಟನ್. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಹರಿಕಾರ ಜಾನ್ ಚಾರ್ನ್ಲಿ ಅವರ ಬಳಿ ಕೆಲಸ ಮಾಡುತ್ತಿದ್ದ ಗನ್‌ಸ್ಟನ್ 1960ರ ದಶಕದ ಕೊನೆಯಲ್ಲಿ ತಮ್ಮ ಬಹುಕೇಂದ್ರ ಕೀಲನ್ನು ಅಳವಡಿಸಿದರು.

1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ‘ಟೋಟಲ್ ಕಾಂಡಿಲಾರ್’ ಕೀಲು ಬಂತು. ಇಂದಿನ ಬಹುತೇಕ ಕೃತಕ ಮಂಡಿಗಳು ಅದರದೇ ವಂಶದವು. ಅದನ್ನು ರೂಪಿಸಿದ ತಂಡದಲ್ಲಿ ಜಾನ್ ಇನ್‌ಸಾಲ್, ಎಂಜಿನಿಯರ್ ಪೀಟರ್ ವಾಕರ್ ಅವರ ಜೊತೆ ಭಾರತ ಮೂಲದ ಚಿತ್ತರಂಜನ್ ರಾಣಾವತ್ ಇದ್ದರು. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಯನ್ನು 2000ದ ಅಕ್ಟೋಬರಿನಲ್ಲಿ, ಬಲ ಮಂಡಿಯನ್ನು 2001ರ ಜೂನಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಿಸಿದವರು ಇದೇ ರಾಣಾವತ್. ಭಾರತದ ಎಷ್ಟೋ ಮನೆಗಳಲ್ಲಿ ‘ಮಂಡಿ ಬದಲಾಯಿಸಬಹುದಂತೆ’ ಎಂಬ ಮಾತು ಮೊದಲ ಸಲ ಕೇಳಿಬಂದದ್ದು ಆ ದಿನಗಳ ಸುದ್ದಿಯಿಂದಲೇ.

ಟೋಟಲ್ ಕಾಂಡಿಲಾರ್ ಕಾಲದ ಶಸ್ತ್ರವೈದ್ಯರು ಕೀಲನ್ನು ತಲುಪುತ್ತಿದ್ದ ದಾರಿ 19ನೆಯ ಶತಮಾನದ್ದು. ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್ ಅದನ್ನು ಮೊದಲು ವಿವರಿಸಿದ್ದರು. ಮಂಡಿಚಿಪ್ಪಿನ ಮೇಲ್ಗಡೆ ಸ್ನಾಯುರಜ್ಜುವನ್ನು ಉದ್ದಕ್ಕೆ ಸೀಳಿ, ಚಿಪ್ಪಿನ ಒಳಬದಿಯಿಂದ ಕೆಳಗಿಳಿದು, ಚಿಪ್ಪನ್ನು ಹೊರಗಡೆಗೆ ಮಗುಚಿ ಹಾಕುವುದು ಆ ಕ್ರಮ. ಮಡಿಸಿದ ಮಂಡಿಯಿಂದ ಕಣಕಾಲಿನ ಮೂಳೆಯನ್ನು ಮುಂದಕ್ಕೆ ಜಗ್ಗಿ ಕೀಲನ್ನು ಪೂರ್ತಿ ಬಿಡಿಸಿದರೆ ಎಲ್ಲವೂ ಕಣ್ಣೆದುರು ತೆರೆದಿರುತ್ತದೆ. ಕತ್ತರಿಸುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ, ಮತ್ತು ಇಂದಿಗೂ ಜಗತ್ತಿನ ಬಹಳಷ್ಟು ಮಂಡಿ ಬದಲಾವಣೆಗಳು ಈ ದಾರಿಯಲ್ಲೇ ನಡೆಯುತ್ತವೆ. ಇದರ ಬೆಲೆಯನ್ನು ರೋಗಿ ತೆರುವುದು ಆಮೇಲೆ. ಸೀಳಿ ಹೊಲಿದ ಸ್ನಾಯುರಜ್ಜು, ಮಗುಚಿದ ಚಿಪ್ಪು, ಹಿಗ್ಗಿದ ಮೆದು ಭಾಗಗಳು ಬಾವು ಕಟ್ಟುತ್ತವೆ. ಮಲಗಿದಲ್ಲೇ ಕಾಲನ್ನು ನೆಟ್ಟಗೆ ಮೇಲಕ್ಕೆತ್ತುವ ಸರಳ ವ್ಯಾಯಾಮ ದಿನಗಟ್ಟಲೆ ಕೈಗೂಡುವುದಿಲ್ಲ.

ಬದಲಾವಣೆಯ ಮೊದಲ ಹೆಜ್ಜೆ ಅರ್ಧ ಮಂಡಿಯಲ್ಲಿ ಆಯಿತು. ಕೀಲಿನ ಒಳಬದಿ ಮಾತ್ರ ಸವೆದಿದ್ದರೆ ಅಷ್ಟನ್ನೇ ಬದಲಿಸಬಹುದು, ಅದಕ್ಕೆ ಬೇಕಾದ ಲೋಹದ ತುಂಡುಗಳೂ ಚಿಕ್ಕವು. ಅಮೆರಿಕದ ಬಫೆಲೊ ನಗರದ ಜಾನ್ ರೆಪಿಚ್ಚಿ ಮೊದಲು ದಂತವೈದ್ಯರಾಗಿದ್ದವರು, ಆಮೇಲೆ ಮೂಳೆ ಶಸ್ತ್ರವೈದ್ಯರಾದರು. ಬಾಯಿಯೊಳಗಿನ ಇಕ್ಕಟ್ಟಿನಲ್ಲಿ ಕೆಲಸ ಮಾಡಿ ಪಳಗಿದ ಕೈ ಅದು. 1990ರ ದಶಕದಲ್ಲಿ ಅವರು ಮೂರು ಇಂಚಿನಷ್ಟು ಚಿಕ್ಕ ಗಾಯದಿಂದ, ಚಿಪ್ಪನ್ನು ಮಗುಚದೆ, ಅರ್ಧ ಮಂಡಿ ಕೂಡಿಸಿ ತೋರಿಸಿದರು. ಇತ್ತ ಇಂಗ್ಲೆಂಡಿನಲ್ಲಿ ಜಾನ್ ಗುಡ್‌ಫೆಲೊ ಮತ್ತು ಎಂಜಿನಿಯರ್ ಜಾನ್ ಓಕಾನರ್ 1970ರ ದಶಕದಲ್ಲಿ ರೂಪಿಸಿದ್ದ ಆಕ್ಸ್‌ಫರ್ಡ್ ಕೀಲಿನ ಮೂರನೆಯ ಆವೃತ್ತಿ 1998ರಲ್ಲಿ ಬಂದಾಗ, ಅದರ ಉಪಕರಣಗಳನ್ನೇ ಚಿಕ್ಕ ಗಾಯಕ್ಕೆ ಹೊಂದುವಂತೆ ಮಾಡಲಾಗಿತ್ತು. ಅರ್ಧ ಮಂಡಿಗೆ ಸಾಧ್ಯವಾದದ್ದು ಪೂರ್ಣ ಮಂಡಿಗೆ ಏಕಾಗಬಾರದು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. 2000ದ ನಂತರ ಆಲ್ಫ್ರೆಡ್ ಟ್ರಿಯಾ, ಪೀಟರ್ ಬೊನುಟ್ಟಿ, ಮೇಯೊ ಕ್ಲಿನಿಕ್ಕಿನ ಮಾರ್ಕ್ ಪಗ್ನಾನೊ ಮುಂತಾದವರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು.

ಆ ದಾರಿಗಳಲ್ಲಿ ಮುಖ್ಯವಾದವು ಮೂರು. ಮೂರೂ ಬೇರೆಯಾಗುವುದು ತೊಡೆಯ ಒಳಬದಿಯ ವ್ಯಾಸ್ಟಸ್ ಮೀಡಿಯಾಲಿಸ್ ಎಂಬ ಕವಲನ್ನು ಹೇಗೆ ದಾಟುತ್ತಾರೆ ಎಂಬಲ್ಲಿ. ಮಂಡಿಯ ಮೇಲ್ಗಡೆ ಒಳಪಕ್ಕದಲ್ಲಿ ಹನಿಯ ಆಕಾರದಲ್ಲಿ ಉಬ್ಬಿ ಕಾಣುವ ಸ್ನಾಯು ಅದೇ. ಮಿಡ್‌ವ್ಯಾಸ್ಟಸ್ ವಿಧಾನವನ್ನು 1997ರಲ್ಲಿ ಗೆರಾರ್ಡ್ ಎಂಗ್ ವಿವರಿಸಿದರು. ಅದರಲ್ಲಿ ಸ್ನಾಯುರಜ್ಜುವನ್ನು ಮುಟ್ಟದೆ, ಚಿಪ್ಪಿನ ಮೇಲ್ಮೂಲೆಯಿಂದ ಸ್ನಾಯುವಿನ ಎಳೆಗಳ ನಡುವೆಯೇ ದಾರಿ ಬಿಡಿಸಿಕೊಳ್ಳುತ್ತಾರೆ. ಎಳೆಗಳು ಬೇರ್ಪಡುತ್ತವೆ, ಅಡ್ಡಕ್ಕೆ ತುಂಡಾಗುವುದಿಲ್ಲ. ಚಿಕ್ಕ ಗಾಯದ ರೂಪದಲ್ಲಿ ಈ ಬಿರುಕು ಎರಡು-ಮೂರು ಸೆಂಟಿಮೀಟರಿಗೆ ನಿಲ್ಲುತ್ತದೆ.

ಸಬ್‌ವ್ಯಾಸ್ಟಸ್ ವಿಧಾನ ಇನ್ನೂ ನಾಜೂಕು. ಅದನ್ನು 1929ರಲ್ಲೇ ಜರ್ಮನಿಯ ಎರ್ಕೆಸ್ ವಿವರಿಸಿದ್ದರೂ ಆರು ದಶಕ ಅದು ಮರೆವಿನಲ್ಲಿತ್ತು. 1991ರಲ್ಲಿ ಅಮೆರಿಕದ ಆರನ್ ಹಾಫ್‌ಮನ್ ಅದನ್ನು ಮತ್ತೆ ಮುಂದೆ ತಂದರು. ಇಲ್ಲಿ ಸ್ನಾಯುವಿಗೆ ಚಾಕುವೇ ತಾಗುವುದಿಲ್ಲ. ಅದರ ಕೆಳಅಂಚನ್ನು ಬೆರಳಿನಿಂದ ಬಿಡಿಸಿ, ಹೊದಿಕೆಯ ಅಂಚೆತ್ತಿದಂತೆ ಇಡೀ ಸ್ನಾಯುವನ್ನು ಮೇಲಕ್ಕೆ ಸರಿಸಿ, ಅದರಡಿಯಿಂದ ಕೀಲಿನೊಳಗೆ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಸ್ನಾಯು ತನ್ನ ಜಾಗಕ್ಕೆ ಮರಳಿ ಕೂರುತ್ತದೆ. ಮೂರನೆಯದು ಕ್ವಾಡ್-ಸ್ಪೇರಿಂಗ್. ಇದರಲ್ಲಿ ಕೀಲಿನ ಪೊರೆಯನ್ನು ಚಿಪ್ಪಿನ ಮೇಲಂಚಿನವರೆಗೆ ಮಾತ್ರ ತೆರೆಯುತ್ತಾರೆ, ತೊಡೆಮೂಳೆಯನ್ನು ಮುಂದಿನಿಂದಲ್ಲದೆ ಪಕ್ಕದಿಂದ ಕತ್ತರಿಸಲು ಬೇರೆಯೇ ಉಪಕರಣಗಳು ಬೇಕು. ಹೆಸರು ಮೋಹಕವಾಗಿದ್ದರೂ ಮೂರರಲ್ಲಿ ಅತಿ ಕಷ್ಟದ್ದು ಇದು, ಬಹುಪಾಲು ಶಸ್ತ್ರವೈದ್ಯರು ಕೈಬಿಟ್ಟದ್ದೂ ಇದನ್ನೇ.

ದಾರಿ ಯಾವುದೇ ಆಗಲಿ, ಶಸ್ತ್ರಕ್ರಿಯೆಯ ಮೇಜಿನ ಬಳಿ ನಡೆಯುವ ಕೆಲಸದ ಲಯ ಒಂದೇ. ನಾಲ್ಕೈದು ಇಂಚಿನ ಗಾಯದಿಂದ ಇಡೀ ಕೀಲು ಒಟ್ಟಿಗೆ ಕಾಣುವುದಿಲ್ಲ. ಹಾಗಾಗಿ ಗಾಯವನ್ನೇ ಸರಿಸುವ ಕಿಟಕಿಯಂತೆ ಬಳಸುತ್ತಾರೆ. ಕಾಲನ್ನು ಚಾಚಿದರೆ ಕಿಟಕಿ ತೊಡೆಮೂಳೆಯ ಮುಂಭಾಗಕ್ಕೆ ಸರಿಯುತ್ತದೆ, ಮಡಿಸಿದರೆ ಹಿಂಭಾಗ ಕಾಣುತ್ತದೆ. ಸಹಾಯಕರು ಎರಡು ಬದಿಯ ಕೊಕ್ಕೆಗಳನ್ನು ಒಟ್ಟಿಗೆ ಜಗ್ಗುವ ಹಾಗಿಲ್ಲ: ಒಂದನ್ನು ಎಳೆದಾಗ ಇನ್ನೊಂದನ್ನು ಸಡಿಲಿಸಬೇಕು, ಇಲ್ಲವಾದರೆ ಚರ್ಮದಂಚು ಹರಿದು ಗಾಯ ಒಣಗುವುದಿಲ್ಲ. ಚಿಪ್ಪನ್ನು ಮಗುಚುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ ಅಷ್ಟೆ. ಕೀಲನ್ನು ಜಗ್ಗಿ ಬಿಡಿಸುವುದಿಲ್ಲ, ಮೂಳೆಯನ್ನು ಇದ್ದಲ್ಲೇ ಗರಗಸದಿಂದ ಕೊಯ್ದು, ಬೇಕಾದರೆ ಎರಡು ಮೂರು ತುಂಡಾಗಿ ಹೊರತೆಗೆಯುತ್ತಾರೆ. ಕೊಯ್ತದ ದಪ್ಪ ಸುಮಾರು 9 ಮಿಲಿಮೀಟರ್, ನಮ್ಮ ಕಿರುಬೆರಳಿನ ದಪ್ಪಕ್ಕಿಂತ ಕಡಿಮೆ. ಬಳಿಕ ಕೋಬಾಲ್ಟ್-ಕ್ರೋಮಿಯಂ ಲೋಹದ ಟೊಪ್ಪಿಗೆಯನ್ನು ತೊಡೆಮೂಳೆಗೆ, ತಟ್ಟೆಯನ್ನು ಕಣಕಾಲಿನ ಮೂಳೆಗೆ ಮೂಳೆಸಿಮೆಂಟಿನಿಂದ ಅಂಟಿಸಿ, ನಡುವೆ ಗಟ್ಟಿ ಪಾಲಿಎಥಿಲೀನಿನ ಬಿಲ್ಲೆಯನ್ನು ಕೂರಿಸುತ್ತಾರೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಮಂಡಿ ಬದಲಾವಣೆಯಲ್ಲಿ ‘ಕೀಹೋಲ್’ ಎಂಬುದು ಇಲ್ಲ. ಕೃತಕ ಕೀಲಿನ ಅಗಲವೇ ಆರೇಳು ಸೆಂಟಿಮೀಟರ್ ಇರುವಾಗ ಅದು ಬೀಗದ ಕಿಂಡಿಯಲ್ಲಿ ತೂರುವುದು ಸಾಧ್ಯವಿಲ್ಲ. ಕೀಹೋಲ್ ಎಂದರೆ ಆರ್ಥ್ರೋಸ್ಕೋಪಿ, ಕ್ಯಾಮೆರಾ ಕೊಳವೆಯಿಂದ ಕೀಲಿನೊಳಗೆ ನೋಡುವ ವಿದ್ಯೆ. ಅದು ಹರಿದ ಅಸ್ಥಿಬಂಧಕ್ಕೆ, ಆಟಗಾರರ ಗಾಯಕ್ಕೆ ವರದಾನವೇ ಹೌದು. ಆದರೆ ಸವೆದ ಮಂಡಿಯನ್ನು ಕೊಳವೆಯಿಂದ ‘ತೊಳೆದರೆ’ ಗುಣವಾಗುತ್ತದೆ ಎಂಬ ನಂಬಿಕೆಗೆ 2002ರಲ್ಲೇ ಪೆಟ್ಟು ಬಿತ್ತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬರಿಯ ಚರ್ಮ ಕೊಯ್ದು ಹೊಲಿಸಿಕೊಂಡವರಿಗೂ ನಿಜವಾಗಿ ಕೀಲು ತೊಳೆಸಿಕೊಂಡವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಕಿರುಗಾಯದ ಮಂಡಿ ಬದಲಾವಣೆಯಿಂದ ಲಾಭವೇನು? ಹಲವು ತುಲನಾತ್ಮಕ ಅಧ್ಯಯನಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಮೊದಲ ಕೆಲವು ವಾರ ನೋವು ಕಡಿಮೆ, ತೊಡೆಯ ಸ್ನಾಯುವಿನ ಬಲ ಬೇಗ ಮರಳುತ್ತದೆ, ಕಾಲನ್ನು ನೆಟ್ಟಗೆ ಎತ್ತುವುದು ಬೇಗ ಸಾಧ್ಯವಾಗುತ್ತದೆ. ಮೂರರಿಂದ ಆರು ತಿಂಗಳು ಕಳೆದ ಮೇಲೆ ಹಳೆಯ ಪದ್ಧತಿಯವರೂ ಹೊಸ ಪದ್ಧತಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ವರ್ಷದ ಬಳಿಕ ನಡಿಗೆ ನೋಡಿ ಯಾರಿಗೆ ಯಾವ ಗಾಯ ಎಂದು ಗುರುತಿಸಲು ಆಗದು. ಮೊದಲ ವಾರಗಳ ಸುಖ ಕಡೆಗಣಿಸುವಂಥದ್ದಲ್ಲ. ಎಪ್ಪತ್ತರ ಅಜ್ಜಿಯೊಬ್ಬರು ಶಸ್ತ್ರಕ್ರಿಯೆಯ ಮರುದಿನವೇ ತಾವಾಗಿ ಶೌಚಾಲಯಕ್ಕೆ ನಡೆದುಹೋದರೆ ಅದು ಇಡೀ ಮನೆಗೆ ಧೈರ್ಯ. ಆದರೆ ಹೊಸ ಪದ್ಧತಿಯಿಂದ ಕೀಲು ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಆಧಾರವಿಲ್ಲ.

ನಷ್ಟದ ಕಡೆಯೂ ಇದೆ, ಅದನ್ನು ಜಾಹೀರಾತು ಹೇಳುವುದಿಲ್ಲ. ಚಿಕ್ಕ ಕಿಟಕಿಯಲ್ಲಿ ಕೆಲಸ ನಿಧಾನ. ವಿದ್ಯೆ ಕೈಗೆ ಹತ್ತುವ ತನಕದ ಶಸ್ತ್ರಕ್ರಿಯೆಗಳು ಇನ್ನೂ ನಿಧಾನ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಕೀಲು ಓರೆಯಾಗಿ ಕೂರುವುದು. ಸೊಂಟದ ಕೀಲಿನ ನಡುವಿನಿಂದ ಹಿಮ್ಮಡಿಗಂಟಿನ ನಡುವಿಗೆ ಎಳೆದ ಗೆರೆ ಮಂಡಿಯ ಮಧ್ಯದಲ್ಲಿ ಹಾಯಬೇಕು, ಮೂರು ಡಿಗ್ರಿಗಿಂತ ಹೆಚ್ಚು ವಾಲಬಾರದು ಎಂಬುದು ಬಹುಕಾಲದ ಅಳತೆಗೋಲು. 2005ರಲ್ಲಿ ಅಮೆರಿಕದ ಡೇವಿಡ್ ಡಲುರಿ ಮತ್ತು ಡಗ್ಲಸ್ ಡೆನ್ನಿಸ್ ತಮ್ಮದೇ ರೋಗಿಗಳ ಎಕ್ಸ್-ರೇಗಳನ್ನು ಹೋಲಿಸಿ, ಚಿಕ್ಕ ಗಾಯದವರಲ್ಲಿ ಕೀಲು ವಾಲುವ ಸಂಭವ ಹೆಚ್ಚು ಎಂದು ಎಚ್ಚರಿಸಿದರು. ಓರೆ ಕೂತ ಕೀಲಿನ ಒಂದು ಬದಿಗೆ ಭಾರ ಹೆಚ್ಚಾಗಿ ಪ್ಲಾಸ್ಟಿಕ್ ಬೇಗ ಸವೆಯಬಹುದು, ಸಿಮೆಂಟ್ ಸಡಿಲವಾಗಬಹುದು. ಆಗ ಎರಡನೆಯ ಶಸ್ತ್ರಕ್ರಿಯೆ ಬೇಕು, ಅದು ಮೊದಲನೆಯದಕ್ಕಿಂತ ದೊಡ್ಡದು, ದುಬಾರಿ. ಎರಡು ಇಂಚು ಚರ್ಮ ಉಳಿಸಲು ಹೋಗಿ ಹತ್ತು ವರ್ಷದ ಬಾಳಿಕೆ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸಲ್ಲದು. ಒಳಗೆ ಹೋದ ಮೇಲೆ ಸರಿಯಾಗಿ ಕಾಣುತ್ತಿಲ್ಲ ಎನಿಸಿದಾಗ ಗಾಯವನ್ನು ಇನ್ನಷ್ಟು ಬಿಡಿಸುವ ವೈದ್ಯರೇ ಒಳ್ಳೆಯ ವೈದ್ಯರು.

ಈ ಓರೆಯ ಸಮಸ್ಯೆಗೆ ಉತ್ತರವಾಗಿ ಕಂಪ್ಯೂಟರ್ ಬಂತು. 1997ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಡೊಮಿನಿಕ್ ಸರಗಾಲಿಯಾ ಅವರ ತಂಡ ಕಂಪ್ಯೂಟರ್ ದಾರಿ ತೋರುವ ಮಂಡಿ ಬದಲಾವಣೆಯನ್ನು ಮೊದಲು ಮಾಡಿತು. ಮೂಳೆಗೆ ಸಿಕ್ಕಿಸಿದ ಗುರುತುಗಳನ್ನು ಅವಗೆಂಪು ಕ್ಯಾಮೆರಾ ಗಮನಿಸುತ್ತಾ, ಕೊಯ್ತದ ಕೋನವನ್ನು ಪರದೆಯ ಮೇಲೆ ತೋರಿಸುತ್ತದೆ. ರೋಬೋಟ್ ತೋಳುಗಳು ಇದರ ಮುಂದಿನ ಹೆಜ್ಜೆ. ಈಗ ಬೆಂಗಳೂರೂ ಸೇರಿ ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಅವು ಇವೆ. ಗರಗಸ ಯೋಜನೆಯ ಗಡಿ ಮೀರದಂತೆ ತೋಳು ತಡೆಯುತ್ತದೆ. ಕೊಯ್ತ ಕರಾರುವಾಕ್ಕಾಗುತ್ತದೆ ಎಂಬುದು ನಿಜ. ರೋಬೋಟ್ ತಾನೇ ಶಸ್ತ್ರಕ್ರಿಯೆ ಮಾಡುತ್ತದೆ ಎಂಬುದು ನಿಜವಲ್ಲ, ಸ್ನಾಯುವನ್ನು ಬಿಡಿಸುವುದು, ಅಸ್ಥಿಬಂಧದ ಬಿಗಿತ ನೋಡುವುದು ಇವತ್ತಿಗೂ ಮನುಷ್ಯರ ಕೈಯೇ.

ರೋಗಿ ಬೇಗ ಎದ್ದು ನಡೆಯುವುದರ ಶ್ರೇಯಸ್ಸು ಗಾಯದ ಉದ್ದಕ್ಕಿಂತ ಬೇರೆ ಕಡೆ ಹೆಚ್ಚು ಸಲ್ಲಬೇಕು. 2005ರಲ್ಲಿ ಶಿಕಾಗೋದ ರಿಚರ್ಡ್ ಬರ್ಗರ್ ಅವರ ತಂಡ, ಆಯ್ದ 50 ರೋಗಿಗಳಲ್ಲಿ 48 ಮಂದಿಯನ್ನು ಮಂಡಿ ಬದಲಿಸಿದ ದಿನವೇ ಮನೆಗೆ ಕಳಿಸಿದ್ದಾಗಿ ವರದಿ ಮಾಡಿದಾಗ ಜಗತ್ತು ಹುಬ್ಬೇರಿಸಿತು. ಅಲ್ಲಿ ಗಾಯವೊಂದೇ ಅಲ್ಲ, ಅರಿವಳಿಕೆ, ನೋವಿನ ಔಷಧಿ, ಮುಂಚಿತವಾಗಿ ಕೊಟ್ಟ ತರಬೇತಿ ಎಲ್ಲವೂ ಬದಲಾಗಿದ್ದವು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಿಂದ ಹೇಳುತ್ತಾ ಬಂದ ಮಾತೂ ಇದೇ. ಶಸ್ತ್ರಕ್ರಿಯೆಯ ಸುತ್ತಲಿನ ಹತ್ತಾರು ಚಿಕ್ಕ ಕ್ರಮಗಳನ್ನು ಒಟ್ಟಿಗೆ ಸುಧಾರಿಸಿದರೆ ಚೇತರಿಕೆ ತಾನಾಗಿ ಚುರುಕಾಗುತ್ತದೆ. ಸಿಡ್ನಿಯ ಡೆನಿಸ್ ಕೆರ್ ಮತ್ತು ಲಾರೆನ್ಸ್ ಕೋಹನ್ 2008ರಲ್ಲಿ ಪ್ರಕಟಿಸಿದ ಕ್ರಮದಂತೆ ಈಗ ಕೀಲಿನ ಸುತ್ತಲೇ ನೋವು ನಿವಾರಕದ ಮಿಶ್ರಣವನ್ನು ಚುಚ್ಚುತ್ತಾರೆ. ತೊಡೆಯಲ್ಲಿ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕ್ ಎಂಬ ಅರಿವಳಿಕೆ ಚುಚ್ಚುಮದ್ದು ಸ್ನಾಯುವಿನ ಬಲವನ್ನು ಹೆಚ್ಚು ಕುಗ್ಗಿಸದೆ ನೋವನ್ನು ತಡೆಯುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ರಕ್ತಸ್ರಾವವನ್ನು ಎಷ್ಟು ಇಳಿಸಿದೆಯೆಂದರೆ ರಕ್ತ ಕೊಡಬೇಕಾದ ಸಂದರ್ಭ ಈಗ ಅಪರೂಪ. 1960ರ ದಶಕದ ಆರಂಭದಲ್ಲಿ ಅದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯಬಾರದೆಂದು ದುಡಿದ ಆ ವಿಜ್ಞಾನಿ ದಂಪತಿಯ ಔಷಧಿ ಇಂದು ನಮ್ಮ ಅಜ್ಜಿಯರ ಮಂಡಿಯನ್ನೂ ಕಾಯುತ್ತಿದೆ.

ಎಲ್ಲಕ್ಕಿಂತ ಕಿರಿದಾದ ಶಸ್ತ್ರಕ್ರಿಯೆ ಬೇಕೆಂದರೆ ಅರ್ಧ ಮಂಡಿಯನ್ನೇ ಮರೆಯಬಾರದು. ಸವೆತ ಒಳಬದಿಗೆ ಸೀಮಿತವಾಗಿದ್ದು ಅಸ್ಥಿಬಂಧಗಳು ಗಟ್ಟಿಯಿದ್ದರೆ ಅದು ಒಳ್ಳೆಯ ಆಯ್ಕೆ. ಬ್ರಿಟನ್ನಿನಲ್ಲಿ 528 ರೋಗಿಗಳನ್ನು ಐದು ವರ್ಷ ಗಮನಿಸಿದ ಟಾಪ್‌ಕ್ಯಾಟ್ ಎಂಬ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಅರ್ಧ ಮಂಡಿ, ಪೂರ್ಣ ಮಂಡಿ ಎರಡರ ಗುಣವೂ ಸಮವಾಗಿತ್ತು, ಖರ್ಚಿನಲ್ಲಿ ಅರ್ಧ ಮಂಡಿಯೇ ಮೇಲು. ಆದರೆ ಬಾಳಿಕೆಯ ಲೆಕ್ಕ ಬೇರೆ. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಪೂರ್ಣ ಮಂಡಿಗಳಲ್ಲಿ ಶೇ. 82ರಷ್ಟು, ಅರ್ಧ ಮಂಡಿಗಳಲ್ಲಿ ಶೇ. 70ರಷ್ಟು 25 ವರ್ಷ ಬಾಳುತ್ತವೆ.

ಕಿರುಗಾಯ ಎಲ್ಲರಿಗೂ ಒಗ್ಗುವುದಿಲ್ಲ. ಹೆಚ್ಚು ಸ್ಥೂಲಕಾಯದವರು, ಕಾಲು ಬಹಳ ಡೊಂಕಾದವರು, ಮಂಡಿ ಬಿಗಿದುಕೊಂಡು ಮಡಿಯದವರು, ಅದೇ ಮಂಡಿಗೆ ಹಿಂದೆ ಶಸ್ತ್ರಕ್ರಿಯೆ ಆದವರು, ತೊಡೆಯ ಸ್ನಾಯು ದಪ್ಪವಿರುವ ಗಟ್ಟಿಮುಟ್ಟಾದ ಗಂಡಸರು ಇವರಲ್ಲಿ ಚಿಕ್ಕ ಕಿಟಕಿ ಕಷ್ಟ. ನಮ್ಮಲ್ಲಿ ನೋವನ್ನು ವರ್ಷಗಟ್ಟಲೆ ಸಹಿಸಿ, ಎಣ್ಣೆ ಹಚ್ಚಿ, ಪಟ್ಟು ಹಾಕಿ, ಕಾಲು ಬಿಲ್ಲಿನಂತೆ ಬಾಗಿದ ಮೇಲೆಯೇ ಆಸ್ಪತ್ರೆಗೆ ಬರುವವರು ಅನೇಕರು. ಅಂಥವರಿಗೆ ದೊಡ್ಡ ಗಾಯವೇ ಸುರಕ್ಷಿತ ಎಂದು ವೈದ್ಯರು ಹೇಳಿದರೆ ಅದು ಹಳೆಯ ವಿದ್ಯೆಯ ಲಕ್ಷಣವಲ್ಲ, ಸರಿಯಾದ ತೀರ್ಮಾನ.

ನೆಲದ ಮೇಲೆ ಕೂರುವ ನಾಡಿನವರು ಇನ್ನೊಂದು ವಿಷಯ ತಿಳಿದಿರಬೇಕು. ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಿದರೆ ಸಾಕು, ಮೆಟ್ಟಿಲಿಗೆ 90ರ ಆಸುಪಾಸು ಬೇಕು. ಕುಕ್ಕರಗಾಲಲ್ಲಿ ಕೂರಲು, ಮಂಡಿಯೂರಿ ನಮಸ್ಕರಿಸಲು 130 ದಾಟಬೇಕು. ಬದಲಿಸಿದ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಿಯುತ್ತದೆ. ಗಾಯ ಚಿಕ್ಕದಾದ ಮಾತ್ರಕ್ಕೆ ಇದು ಬದಲಾಗದು: ಶಸ್ತ್ರಕ್ರಿಯೆಗೆ ಮೊದಲು ಮಂಡಿ ಎಷ್ಟು ಮಡಿಯುತ್ತಿತ್ತೋ ಅದರ ಮೇಲೆಯೇ ಬಹುಮಟ್ಟಿಗೆ ನಿಂತಿದೆ. ಮನೆಯಲ್ಲಿ ಕಮೋಡ್, ಊಟಕ್ಕೆ ಮೇಜು, ಪೂಜೆಗೆ ಎತ್ತರದ ಮಣೆ ಇವನ್ನು ಮೊದಲೇ ಸಿದ್ಧಮಾಡಿಕೊಳ್ಳುವುದು ಕ್ಷೇಮ. ಗಾಯದ ಹೊರಬದಿಯಲ್ಲಿ ಅಂಗೈಯಗಲದ ಜಾಗ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ಚರ್ಮದ ಸಣ್ಣ ನರ ಕಡಿದಾಗ ಹಾಗಾಗುತ್ತದೆ, ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ.

ಖರ್ಚಿನ ವಿಚಾರದಲ್ಲಿ ಭಾರತದಲ್ಲಿ ಒಂದು ದೊಡ್ಡ ತಿರುವು 2017ರ ಆಗಸ್ಟಿನಲ್ಲಿ ಬಂತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ ಒಂದೂವರೆ ಲಕ್ಷದ ಆಸುಪಾಸಿನಿಂದ, ಜಿಎಸ್‌ಟಿ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಅದನ್ನು ಪ್ರಕಟಿಸಿದವರು ಆಗಿನ ರಸಗೊಬ್ಬರ ಮತ್ತು ರಾಸಾಯನಿಕ ಸಚಿವ, ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್. ಈ ಮಿತಿ ಕೀಲಿಗೆ ಮಾತ್ರ. ವೈದ್ಯರ ಶುಲ್ಕ, ಕೊಠಡಿ ಬಾಡಿಗೆ, ರೋಬೋಟಿನ ಬಳಕೆಗೆ ಹಾಕುವ ಹೆಚ್ಚುವರಿ ಹಣ ಇದರೊಳಗೆ ಬರುವುದಿಲ್ಲ.

ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡಿಕೊಳ್ಳುವವರು ‘ಎಷ್ಟು ಇಂಚಿನ ಗಾಯ’ ಎಂದು ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳಬೇಕು. ಈ ವಿಧಾನದಲ್ಲಿ ತಾವು ಎಷ್ಟು ಮಂಡಿ ಬದಲಿಸಿದ್ದೀರಿ? ಸ್ನಾಯುವನ್ನು ಹೇಗೆ ದಾಟುತ್ತೀರಿ? ನನಗೆ ಅರ್ಧ ಮಂಡಿ ಸಾಕಾಗದೆ? ನೋವಿಗೆ ಏನು ವ್ಯವಸ್ಥೆ, ಯಾವ ದಿನ ನಡೆಸುತ್ತೀರಿ? ಮನೆಗೆ ಹೊರಡುವಾಗ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕೂಡಿಸಿದ ಕೀಲಿನ ಕಂಪನಿ, ಮಾದರಿ, ಅಳತೆ, ಕ್ರಮಸಂಖ್ಯೆ ಮುದ್ರಿಸಿದ ಚೀಟಿಗಳನ್ನು ಕಡತದಲ್ಲಿ ಅಂಟಿಸಿರುತ್ತಾರೆ, ಅವುಗಳ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಇಪ್ಪತ್ತು ವರ್ಷದ ಮೇಲೆ ಆ ಮಂಡಿಯನ್ನು ಮತ್ತೆ ತೆರೆಯಬೇಕಾದ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.